ಡಿವಿಡಿ ಮೆನುವಿನಲ್ಲಿ ಬಚ್ಚಿಟ್ಟ ಅಣಕು ಕಾರ್ಟೂನ್‌ಗಳು: ನಿಮ್ಮ ಮೆಚ್ಚಿನದು ಯಾವುದು?

ಬೋನಸ್ ಡಿಸ್ಕ್:

ಆನಿಮೇಷನ್ ಸಿನಿಮಾಗಳ ಹಳೇ ಡಿವಿಡಿಗಳನ್ನು ಇನ್ನೂ ಎಸೆಯದೆ ಇಟ್ಟುಕೊಂಡವರು ಇಲ್ಲಿ ಒಂದಿಷ್ಟು ಜನ ಇದ್ದೀರಿ. ಅವರಿಗಾಗಿ ಈ ಥ್ರೆಡ್. ವಿಷಯ ಸಿನಿಮಾ ಅಲ್ಲ. ಸಿನಿಮಾ ಮಾಡಿದವರೇ ತಮ್ಮ ಪಾತ್ರಗಳನ್ನು, ತಮ್ಮ ಕಸುಬನ್ನು ಗೇಲಿ ಮಾಡಿ ಡಿಸ್ಕ್‌ನ ಯಾವುದೋ ಮೂಲೆಯಲ್ಲಿ ಇಡುತ್ತಿದ್ದರಲ್ಲ, ಆ ತುಣುಕುಗಳು. ಕೆಲವು ಮೆನುವಿನಲ್ಲೇ ಕಾಣುತ್ತಿದ್ದವು, ಕೆಲವನ್ನು ಹುಡುಕಬೇಕಿತ್ತು.

ನನ್ನ ವೋಟು ಪಿಕ್ಸಾರ್ ಸ್ಟುಡಿಯೋದ ಸೂಪರ್‌ಹೀರೋ ಸಿನಿಮಾ 'ದಿ ಇನ್‌ಕ್ರೆಡಿಬಲ್ಸ್' ಡಿಸ್ಕ್‌ಗೆ. ಸಿನಿಮಾ 2004ರ ನವೆಂಬರ್‌ನಲ್ಲಿ ಬಂತು, ಎರಡು ಡಿಸ್ಕ್‌ನ ಡಿವಿಡಿ 2005ರ ಮಾರ್ಚ್‌ನಲ್ಲಿ. ಅದರಲ್ಲಿ 'ಮಿಸ್ಟರ್ ಇನ್‌ಕ್ರೆಡಿಬಲ್ ಅಂಡ್ ಪಾಲ್ಸ್' ಅಂತ ಒಂದು ಪುಟ್ಟ ಕಾರ್ಟೂನ್ ಇದೆ. ಸೂಪರ್‌ಹೀರೋಗಳ ಹೆಸರು ಜೋರಾಗಿದ್ದ ಕಾಲದಲ್ಲಿ ಯಾರೋ ಅವರ ಮೇಲೆ ಟಿವಿಗೆ ಒಂದು ಅಗ್ಗದ ಕಾರ್ಟೂನ್ ಮಾಡಿದ್ದರು ಅನ್ನುವ ನೆಪ. ನೋಡಿದರೆ ನಿಜಕ್ಕೂ 1960ರ ದಶಕದ ಡಬ್ಬಾ ಕಾರ್ಟೂನ್ ಥರಾನೇ ಇದೆ. ಬಣ್ಣ ಮಾಸಿದೆ. ಚಿತ್ರಗಳು ಜಾಗ ಬಿಟ್ಟು ಅಲ್ಲಾಡುವುದಿಲ್ಲ. ಅಲ್ಲಾಡುವುದು ತುಟಿ ಮಾತ್ರ, ಅದೂ ನಿಜ ಮನುಷ್ಯರ ತುಟಿ! ಬರೆದ ಮುಖದ ಮೇಲೆ ಅಂಟಿಸಿದ್ದಾರೆ.

ಇಷ್ಟೇ ಆಗಿದ್ದರೆ ಒಂದು ಸಲ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಇದನ್ನೇ ಇನ್ನೊಂದು ಸಲ ಕಾಮೆಂಟರಿ ಹಾಕಿಕೊಂಡು ನೋಡಬಹುದು. ಡಿವಿಡಿಯಲ್ಲಿ ನಿರ್ದೇಶಕರು ಕೂತು ಮಾತಾಡುತ್ತಾರಲ್ಲ, ಹಾಗೆ. ಇಲ್ಲಿ ಕೂತು ಮಾತಾಡುವವರು ಸ್ವತಃ ಸಿನಿಮಾದ ಹೀರೋ ಮಿಸ್ಟರ್ ಇನ್‌ಕ್ರೆಡಿಬಲ್ ಮತ್ತು ಅವನ ಗೆಳೆಯ ಫ್ರೋಜೋನ್. ಧ್ವನಿ ಕ್ರೇಗ್ ಟಿ. ನೆಲ್ಸನ್, ಸ್ಯಾಮುಯೆಲ್ ಎಲ್. ಜಾಕ್ಸನ್ ಅವರದೇ. ಕಾರ್ಟೂನ್ ಶುರುವಾದ ಸ್ವಲ್ಪ ಹೊತ್ತಿಗೇ ಫ್ರೋಜೋನ್‌ಗೆ ಒಂದು ವಿಷಯ ಕಣ್ಣಿಗೆ ಬೀಳುತ್ತೆ. ಕರಿಯ ಹೀರೋ ಆದ ತನ್ನನ್ನು ಇವರು ಬೆಳ್ಳಗೆ ಬರೆದಿದ್ದಾರೆ. ಅಲ್ಲಿಂದ ಅವನ ಸಿಟ್ಟು ಏರುತ್ತಲೇ ಹೋಗುತ್ತೆ. ಜೊತೆಗೆ ಮಿಸ್ಟರ್ ಸ್ಕಿಪರ್‌ಡೂ ಅಂತ ಒಂದು ಮೊಲವನ್ನೂ ತಂಡಕ್ಕೆ ಸೇರಿಸಿದ್ದಾರೆ, ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಮಿಸ್ಟರ್ ಇನ್‌ಕ್ರೆಡಿಬಲ್ ಪಾಪ, 'ಅಷ್ಟೇನೂ ಕೆಟ್ಟದಾಗಿಲ್ಲ ಬಿಡು' ಅನ್ನುವ ಧಾಟಿಯಲ್ಲಿ ಸಮಾಧಾನ ಮಾಡುತ್ತಾ ಕೂರುತ್ತಾನೆ.

ಒಂದೇ ತುಣುಕಿನಲ್ಲಿ ಎಷ್ಟು ಜನಕ್ಕೆ ಚಿವುಟಿದ್ದಾರೆ ನೋಡಿ. ಅಗ್ಗದ ಟಿವಿ ಕಾರ್ಟೂನ್‌ಗೆ ಒಂದು, ಆ ಕಾಲದ ಟಿವಿಯವರ ಬಣ್ಣದ ರಾಜಕೀಯಕ್ಕೆ ಒಂದು, ಡಿವಿಡಿ ಕಾಮೆಂಟರಿಗೂ ಒಂದು. ನಿಮ್ಮದು ಯಾವುದು ಹೇಳಿ.

ಕೀಫ್ರೇಮ್:

ಒಳ್ಳೇ ಥ್ರೆಡ್. ನಾನು ಆನಿಮೇಷನ್ ಕೆಲಸದಲ್ಲೇ ಇರುವವನು, ಹಾಗಾಗಿ ಆ ತುಟಿಯ ಬಗ್ಗೆ ಸ್ವಲ್ಪ ಹೇಳುತ್ತೇನೆ.

ಅದು ಪಿಕ್ಸಾರ್‌ನವರ ಕಲ್ಪನೆ ಅಲ್ಲ. ಸಿಂಕ್ರೋವಾಕ್ಸ್ ಅಂತ ನಿಜವಾಗಲೂ ಒಂದು ಪದ್ಧತಿ ಇತ್ತು. ಎಡ್ವಿನ್ ಜಿಲೆಟ್ ಎಂಬ ಕ್ಯಾಮೆರಾಮನ್ ಕಂಡುಹಿಡಿದದ್ದು. ನಟರು ಮಾತಾಡುವಾಗ ಬಾಯಿಯನ್ನಷ್ಟೇ ಶೂಟ್ ಮಾಡಿ, ಅದನ್ನು ಬರೆದ ಚಿತ್ರದ ಮೇಲೆ ಕೂರಿಸುತ್ತಿದ್ದರು. 1959ರಲ್ಲಿ ಶುರುವಾದ 'ಕ್ಲಚ್ ಕಾರ್ಗೋ' ಅನ್ನುವ ಅಮೆರಿಕದ ಟಿವಿ ಸರಣಿ ಪೂರ್ತಿ ಹೀಗೇ ಇದೆ. ಕಾರಣ ಬೇರೇನಿಲ್ಲ, ದುಡ್ಡು. ತುಟಿಯ ಚಲನೆ ಬರೆಯುವುದು ಅಂದರೆ ಅಕ್ಷರಕ್ಕೊಂದು ಬಾಯಿ ಬರೆಯಬೇಕು. ಅದನ್ನು ಉಳಿಸಿದರೆ ಕಲಾವಿದರ ಕೆಲಸದಲ್ಲಿ ದೊಡ್ಡ ಪಾಲು ಉಳಿಯಿತು. ಉಳಿದದ್ದಕ್ಕೆ ಕ್ಯಾಮೆರಾವನ್ನೇ ಆ ಕಡೆ ಈ ಕಡೆ ಸರಿಸುವುದು, ರಟ್ಟಿನ ಗೊಂಬೆ ಹಿಡಿದು ಅಲ್ಲಾಡಿಸುವುದು.

ಈಗ ತಮಾಷೆ ನೋಡಿ. 'ಇನ್‌ಕ್ರೆಡಿಬಲ್ಸ್' ಮಾಡುವಾಗ ಆ ತಂಡಕ್ಕೆ ಜೀವ ತೆಗೆದದ್ದು ಮನುಷ್ಯರ ಚರ್ಮ, ಕೂದಲು, ಬಟ್ಟೆ. ಅದಕ್ಕೂ ಮೊದಲು ಅವರು ಮಾಡಿದ್ದು ಆಟಿಕೆ, ಹುಳ, ರಾಕ್ಷಸ, ಮೀನು. ಪೂರ್ತಿ ಮನುಷ್ಯರೇ ಇರುವ ಮೊದಲ ಸಿನಿಮಾ ಇದು. ಮಿಸ್ಟರ್ ಇನ್‌ಕ್ರೆಡಿಬಲ್‌ನ ಮಗಳು ವೈಲೆಟ್‌ಳ ಉದ್ದ ಕೂದಲೊಂದೇ ಸಾಕಷ್ಟು ಕಾಟ ಕೊಟ್ಟಿತ್ತು. ಅಷ್ಟೆಲ್ಲ ಒದ್ದಾಡಿದವರು ಅದೇ ಡಿಸ್ಕ್‌ನಲ್ಲಿ, ಏನೂ ಅಲ್ಲಾಡದ ಕಾರ್ಟೂನ್ ಒಂದನ್ನು ಮಾಡಿ ಹಾಕಿದ್ದಾರೆ. ಈ ಕೆಲಸ ಮಾಡುವವರಿಗೆ ಆ ನಗು ಬೇರೆಯದೇ ಬಿಡಿ.

ಕುಡ್ಲದ ಕಾರ್ಟೂನು:

ಕಾಮೆಂಟರಿ ಹಾಕಿಕೊಂಡು ನೋಡಿದರೇನೇ ಅದಕ್ಕೆ ಅರ್ಥ ಮಾರಾಯ್ರೆ. ನಮ್ಮ ಕಡೆ ಯಕ್ಷಗಾನದ ಆಟದಲ್ಲಿ ಹಾಸ್ಯಗಾರ ರಂಗಸ್ಥಳದಲ್ಲೇ ನಿಂತು ರಾಜನ ವೇಷವನ್ನೇ ಕಾಲೆಳೆಯುತ್ತಾನಲ್ಲ, ಪ್ರಸಂಗವೂ ಕೆಡುವುದಿಲ್ಲ, ಜನಕ್ಕೆ ನಗುವೂ ಬರುತ್ತದೆ. ಫ್ರೋಜೋನ್ ಮಾಡುವುದು ಅದನ್ನೇ.

ಆದರೆ ಇದು ಬಚ್ಚಿಟ್ಟದ್ದು ಅಲ್ಲವಲ್ಲ? ಮೆನುವಿನಲ್ಲೇ ಇತ್ತು. ನಿಜವಾಗಿ ಬಚ್ಚಿಟ್ಟದ್ದು ಯಾವುದು?

ಬೋನಸ್ ಡಿಸ್ಕ್:

ಅದೇ ಡಿಸ್ಕ್‌ನಲ್ಲಿ ಬಚ್ಚಿಟ್ಟವೂ ಇವೆ. ಮೆನು ಹಾಕಿ ರಿಮೋಟ್ ಕೆಳಗಿಟ್ಟು ಸುಮ್ನೆ ಕಾಯಬೇಕು. ಸ್ವಲ್ಪ ಹೊತ್ತಾದ ಮೇಲೆ ಮೂಲೆಯಲ್ಲಿ ಪುಟ್ಟ ಆಮ್ನಿಡ್ರಾಯ್ಡ್ ಕಾಣಿಸಿಕೊಳ್ಳುತ್ತೆ, ಸಿನಿಮಾದಲ್ಲಿ ಬರುವ ಗುಂಡು ರೋಬೋಟ್. ಅದರ ಮೇಲೆ ಹೋಗಿ ಒತ್ತಿದರೆ ತುಣುಕು ಶುರು. ಒಂದರಲ್ಲಿ ಕಾಲುಚೀಲದ ಗೊಂಬೆಗಳಿಂದ ಸಿನಿಮಾದ ಆಟ. ಇನ್ನೊಂದರಲ್ಲಿ ಸಿನಿಮಾದಲ್ಲಿ ಬರುವ ಬಟನ್, ಬಾಗಿಲು, ಸ್ಫೋಟಗಳನ್ನು ಒಂದರ ಹಿಂದೆ ಒಂದು ಜೋಡಿಸಿಟ್ಟಿದ್ದಾರೆ. ನಮ್ಮ ಸಿನಿಮಾದಲ್ಲಿ ಇದೇ ಆಯ್ತಲ್ಲಪ್ಪ ಅಂತ ತಾವೇ ನಕ್ಕ ಹಾಗಿದೆ.

ರೀಜನ್ ಐದು:

ಎಲ್ಲ ಸರಿ ಗುರು, ಆದರೆ ಇದನ್ನೆಲ್ಲ ಆ ಕಾಲದಲ್ಲಿ ಇಲ್ಲಿ ಎಷ್ಟು ಜನ ನೋಡಿದ್ದರು? ನಮ್ಮ ಮನೆಯಲ್ಲಿ ಇದ್ದದ್ದು ವಿಸಿಡಿ. ಒಂದು ಡಿಸ್ಕ್‌ಗೆ ಹೆಚ್ಚೆಂದರೆ 80 ನಿಮಿಷ. ಸಿನಿಮಾನೇ ಎರಡು ಡಿಸ್ಕ್‌ಗೆ ಹರಿದು ಹಂಚಿರುತ್ತಿದ್ದರು, ಬೋನಸ್ ಎಲ್ಲಿಂದ ಬರಬೇಕು? ಮೆನುನೂ ಇಲ್ಲ, ಹಾಕಿದ ತಕ್ಷಣ ಸಿನಿಮಾ ಶುರು. ಮೊದಲ ಡಿಸ್ಕ್ ಮುಗಿದು ಎದ್ದು ಹೋಗಿ ಎರಡನೆಯದು ಹಾಕುವುದೇ ಇಂಟರ್ವಲ್.

ಆಮೇಲೆ ಮೆಜೆಸ್ಟಿಕ್ ಫುಟ್‌ಪಾತ್‌ನ ಮೂರು ಸಿನಿಮಾ ಒಂದರಲ್ಲಿ ಡಿಸ್ಕ್‌ಗಳು. ಅದರಲ್ಲಿ ಜಾಗ ಮಾಡಲು ಮೊದಲು ಕಿತ್ತು ಬಿಸಾಡುತ್ತಿದ್ದದ್ದೇ ಬೋನಸ್. 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಬಿಟ್ಟ ಮೇಲೆ ಅಸಲಿ ಡಿಸ್ಕ್ ಮನೆಗೆ ಬರಲು ಶುರುವಾಯಿತು. ಅದೂ ನಮ್ಮ ಸಿನಿಮಾಗಳದು. ಇಂಗ್ಲಿಷ್ ಆನಿಮೇಷನ್‌ನ ಎರಡು ಡಿಸ್ಕ್ ಡಬ್ಬ ಬೇಕಾದರೆ ಅಮೆರಿಕದಲ್ಲಿರುವ ಅತ್ತೆ ಮಗನೋ ಚಿಕ್ಕಪ್ಪನೋ ತರಬೇಕು. ತಂದರೂ ಅದು ರೀಜನ್ 1. ರೀಜನ್ ಅಂದರೆ ಡಿಸ್ಕ್ ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡಬೇಕು ಅನ್ನುವ ಬೀಗ. ನಮ್ಮದು ರೀಜನ್ 5. ಪ್ಲೇಯರ್ ಮುಖ ತಿರುಗಿಸಿಬಿಡುತ್ತೆ. ಲೋಕಲ್ ಪ್ಲೇಯರ್ ಆದರೆ ಪರವಾಗಿಲ್ಲ, ಅಂಗಡಿಯವನೇ ರಿಮೋಟ್‌ನಲ್ಲಿ ಏನೋ ನಂಬರ್ ಒತ್ತಿ ಎಲ್ಲ ರೀಜನ್ ಓಡುವ ಹಾಗೆ ಮಾಡಿಕೊಡುತ್ತಿದ್ದ.

ಹಾಗಾಗಿ ನನ್ನಂಥವರಿಗೆ ಈ ತುಣುಕುಗಳು ಸಿಕ್ಕಿದ್ದು ಎಷ್ಟೋ ವರ್ಷ ಆದಮೇಲೆ, ಯೂಟ್ಯೂಬ್‌ನಲ್ಲಿ. ಹುಡುಕುವ ಮಜಾ ಇಲ್ಲ. ತುಣುಕಿನ ಹೆಸರು ಗೊತ್ತಿದ್ದರೆ ಮಾತ್ರ ಸಿಗುತ್ತೆ, ಗೊತ್ತಿಲ್ಲದಿದ್ದರೆ ಇಲ್ಲ.

ಸಬ್‌ಪಿಕ್ಚರ್:

ನಾನು ಕೆಲವು ವರ್ಷ ಡಿವಿಡಿ ಆಥರಿಂಗ್, ಅಂದರೆ ಡಿಸ್ಕ್‌ನ ಮೆನು, ವಿಡಿಯೋ ಎಲ್ಲ ಜೋಡಿಸುವ ಕೆಲಸ ಮಾಡಿದ್ದೇನೆ. ಆನಿಮೇಷನ್ ಅಲ್ಲ, ಭಕ್ತಿಗೀತೆ ಮತ್ತು ನಾಟಕ. ಬಚ್ಚಿಡುವುದು ಹೇಗೆ ಅಂತ ಹೇಳುತ್ತೇನೆ. ಎಲ್ಲರೂ ಏನೋ ದೊಡ್ಡ ಪ್ರೋಗ್ರಾಮಿಂಗ್ ಅಂದುಕೊಳ್ಳುತ್ತಾರೆ, ಅಂಥದ್ದೇನೂ ಇಲ್ಲ.

ಡಿವಿಡಿ ಮೆನು ಅಂದರೆ ಒಂದು ವಿಡಿಯೋ ಅಥವಾ ನಿಂತ ಚಿತ್ರ. ಅದರ ಮೇಲೆ ಸಬ್‌ಪಿಕ್ಚರ್ ಅಂತ ತೆಳುವಾದ ಒಂದು ಪದರ. ಸಬ್‌ಟೈಟಲ್ ಬರುವುದೂ ಇದೇ ಪದರದಲ್ಲಿ. ಇದಕ್ಕೆ ನಾಲ್ಕೇ ಬಣ್ಣ, ಪ್ರತಿ ಬಣ್ಣ ಎಷ್ಟು ಪಾರದರ್ಶಕ ಅಂತ ಬೇರೆ ಬೇರೆ ಹೇಳಬಹುದು. ಬಟನ್ ಅಂದರೆ ಈ ಪದರದ ಮೇಲೆ ನಾವು ಗೆರೆ ಹಾಕಿದ ಒಂದು ಚೌಕ. ಒಂದು ಮೆನುವಿನಲ್ಲಿ ಹೆಚ್ಚೆಂದರೆ 36.

ಪ್ರತಿ ಬಟನ್‌ಗೂ ನಾಲ್ಕು ಪಕ್ಕದ ಮನೆ ಇರುತ್ತೆ. ರಿಮೋಟ್‌ನಲ್ಲಿ ಮೇಲೆ ಒತ್ತಿದರೆ ಯಾರ ಹತ್ತಿರ ಹೋಗಬೇಕು, ಕೆಳಗೆ ಒತ್ತಿದರೆ ಯಾರ ಹತ್ತಿರ, ಎಡಕ್ಕೆ, ಬಲಕ್ಕೆ. ಇದನ್ನು ನಾವೇ ಬರೆಯಬೇಕು. ಈಗ ಒಂದು ಬಟನ್ ಮಾಡಿ, ಅದರ ಬಣ್ಣವನ್ನು ಪೂರ್ತಿ ಪಾರದರ್ಶಕ ಮಾಡಿ. ಅದಕ್ಕೆ ಹೋಗುವ ದಾರಿ ಒಂದೇ ಒಂದು ಇಡಿ. 'ಭಾಷೆ' ಅನ್ನುವ ಬಟನ್ ಮೇಲೆ ನಿಂತು ಎಡಕ್ಕೆ ಒತ್ತಿದರೆ ಮಾತ್ರ ಅಲ್ಲಿಗೆ ಹೋಗಬೇಕು. ಅಲ್ಲಿಗೆ ಹೋದಾಗ ಮಾತ್ರ ಬಣ್ಣ ಬರಲಿ. ಆಯ್ತು, ಈಸ್ಟರ್ ಎಗ್ ರೆಡಿ. ಬಚ್ಚಿಟ್ಟ ತುಣುಕಿಗೆ ಹಾಗೆ ಅನ್ನುತ್ತಾರೆ. 'ಭಾಷೆ' ಮೇಲೆ ನಿಂತು ಎಡಕ್ಕೆ ಒತ್ತುವ ಮನುಷ್ಯ ಯಾರು ಸಿಗ್ತಾನೆ ಹೇಳಿ? ಬೇಜಾರಾದ ಮಗು ಬಿಟ್ಟರೆ ಯಾರೂ ಇಲ್ಲ.

ಕಾದರೆ ಬರುವ ಆಮ್ನಿಡ್ರಾಯ್ಡ್‌ಗೆ ಇನ್ನೊಂದು ದಾರಿ. ಮೆನು ವಿಡಿಯೋ ಓಡುತ್ತಾ ಇರುತ್ತಲ್ಲ, ಅದರ ಕೊನೆಯ ಭಾಗದಲ್ಲಿ ಮಾತ್ರ ಆ ಬಟನ್ ಬದುಕಿರುವ ಹಾಗೆ ಮಾಡಿದರೆ ಆಯಿತು.

ಸುಮ್ನೆ ಒತ್ತಿ ಒತ್ತಿ ಬೆರಳು ನೋಯಿಸಿಕೊಳ್ಳದೆ ಹುಡುಕಬೇಕು ಅಂದರೆ ಡಿಸ್ಕನ್ನು ಕಂಪ್ಯೂಟರ್‌ಗೆ ಹಾಕಿ, ವಿಎಲ್‌ಸಿ ಅನ್ನುವ ವಿಡಿಯೋ ಸಾಫ್ಟ್‌ವೇರ್‌ನಲ್ಲಿ ಟೈಟಲ್ ಪಟ್ಟಿ, ಅಂದರೆ ಡಿಸ್ಕ್‌ನಲ್ಲಿರುವ ವಿಡಿಯೋಗಳ ಪಟ್ಟಿ ನೋಡಿ. ಒಂದು ಡಿಸ್ಕ್‌ನಲ್ಲಿ 99 ಟೈಟಲ್ ತನಕ ಇರಬಹುದು. ಉದ್ದದ್ದು ಸಿನಿಮಾ. ಮೆನುವಿನಲ್ಲಿ ಎಲ್ಲೂ ಕಾಣದ, ಒಂದು ನಿಮಿಷದ, ಎರಡು ನಿಮಿಷದ ಟೈಟಲ್ ಕಂಡರೆ ಬಹುಶಃ ಅದೇ.

ಮೈಕನ ಅಮ್ಮ:

ಸಬ್‌ಪಿಕ್ಚರ್ ಅವರೇ, ಇದನ್ನು ಇಪ್ಪತ್ತು ವರ್ಷ ಮುಂಚೆ ಹೇಳಬಾರದಿತ್ತಾ!

ನನ್ನ ಹೆಸರು ನೋಡಿದರೆ ನನ್ನ ವೋಟು ಯಾವುದಕ್ಕೆ ಅಂತ ಗೊತ್ತಾಗುತ್ತೆ. 'ಮಾನ್‌ಸ್ಟರ್ಸ್ ಇಂಕ್.' ಸಿನಿಮಾದಲ್ಲಿ ಒಂದು ಕಡೆ ಒಕ್ಕಣ್ಣಿನ ರಾಕ್ಷಸ ಮೈಕ್ ಸಿಕ್ಕಿಬೀಳುತ್ತಾನೆ. ಅವನು ಕೆಲಸ ಮಾಡುವ ರಾಕ್ಷಸರ ಕಂಪನಿಯೊಳಗೆ ಮನುಷ್ಯರ ಮಗು ಬಂದಿದೆ ಅಂತ ಗೊತ್ತಾಗಬಾರದು. 'ಅದನ್ನ ಎಲ್ಲಿಂದ ತಂದೆಯೋ ಅಲ್ಲೇ ಇಡು' ಅಂತ ಕಿರುಚಿದ್ದನ್ನು ಮುಚ್ಚಿಹಾಕಲು, ಇದು ಕಂಪನಿ ನಾಟಕದ ರಿಹರ್ಸಲ್ ಅಂತ ಸುಳ್ಳು ಬಿಡುತ್ತಾನೆ. ಅಲ್ಲೇ ನಿಂತು ಹಾಡೇ ಕಟ್ಟಿಬಿಡುತ್ತಾನೆ. ಅಲ್ಲಿಗೆ ಮರೆತುಹೋಗುವ ಜೋಕು ಅದು. ಆದರೆ ಕೊನೆಯ ಟೈಟಲ್ ಕಾರ್ಡ್‌ಗಳ ಜೊತೆ ಆ ನಾಟಕವನ್ನೇ ನಿಜವಾಗಿ ಮಾಡಿ ತೋರಿಸುತ್ತಾರೆ! ಪರದೆ, ಸೆಟ್ಟು, ಹಾಡು, ಎಲ್ಲ. ಪ್ರೇಕ್ಷಕರಲ್ಲಿ ಮೈಕನ ಅಮ್ಮ.

ಸಿನಿಮಾ 2001ರ ನವೆಂಬರ್ 2ಕ್ಕೆ ಬಂತು, ಆಗ ಇದು ಇರಲಿಲ್ಲ. ಡಿಸೆಂಬರ್‌ನಲ್ಲಿ ಥಿಯೇಟರ್ ಪ್ರಿಂಟ್‌ಗೆ ಸೇರಿಸಿದರು. ಸುಳ್ಳು ಔಟ್‌ಟೇಕ್‌ಗಳೂ ಜೊತೆಗೇ ಬಂದವು. ಶೂಟಿಂಗ್‌ನಲ್ಲಿ ನಟರು ತಪ್ಪು ಮಾಡಿ ನಗುತ್ತಾರಲ್ಲ, ಆ ಥರ. ಸಿನಿಮಾದಲ್ಲಿ ರಸ್ತೆ ದಾಟಲು ನಿಂತಾಗ ಒಂದು ದೈತ್ಯ ಬರುತ್ತೆ. ಔಟ್‌ಟೇಕ್‌ನಲ್ಲಿ ಅದರ ಜಾಗದಲ್ಲಿ 'ಟಾಯ್ ಸ್ಟೋರಿ'ಯ ಡೈನೋಸಾರ್ ಗೊಂಬೆ ರೆಕ್ಸ್ ನಿಂತಿದ್ದಾನೆ. ಘರ್ಜಿಸಿ ಆದಮೇಲೆ ಸರಿಯಾಗಿ ಹೆದರಿಸಿದೆನಾ, ಇನ್ನೊಂದು ಸಲ ಮಾಡಲಾ ಅಂತ ಅವನ ಗೋಳು.

ಆ ಡಿವಿಡಿಯ ಎರಡನೇ ಡಿಸ್ಕ್ ಮೆನುನೇ ಒಂದು ಜೋಕು. ಬೋನಸ್ ಎಲ್ಲ ಎರಡು ಭಾಗ. ಒಂದು ಮನುಷ್ಯರಿಗೆ, ಒಂದು ಮಾನ್‌ಸ್ಟರ್‌ಗಳಿಗೆ. ಸಿನಿಮಾ ಹೇಗೆ ಮಾಡಿದೆವು ಅನ್ನುವುದೆಲ್ಲ ಮನುಷ್ಯರ ಕಡೆ. ಮಾನ್‌ಸ್ಟರ್‌ಗಳ ಕಡೆ ಹೋದರೆ ಕಂಪನಿಗೆ ಹೊಸದಾಗಿ ಸೇರಿದವರಿಗೆ ತೋರಿಸುವ ಓರಿಯೆಂಟೇಷನ್ ವಿಡಿಯೋ. ಯಾವುದಾದರೂ ದೊಡ್ಡ ಕಂಪನಿಯಲ್ಲಿ ಮೊದಲ ದಿನ ಕೂತು ಅಂಥದ್ದನ್ನು ನೋಡಿದವರಿಗೆ ಇದು ಎಲ್ಲಿ ಕಚಗುಳಿ ಇಡುತ್ತೆ ಅಂತ ನಾನು ಹೇಳಬೇಕಿಲ್ಲ.

ಕುಡ್ಲದ ಕಾರ್ಟೂನು:

ಬೈಯಬೇಡಿ. ಆ ಸುಳ್ಳು ಔಟ್‌ಟೇಕ್ ನನಗೆ ಯಾಕೋ ರುಚಿಸುವುದಿಲ್ಲ. ಒಂದು ಸಿನಿಮಾದಲ್ಲಿ ಚಂದ. ಮೂರು ಸಿನಿಮಾದಲ್ಲಿ ಅದನ್ನೇ ಮಾಡಿದರೆ ಬೋರು. ಸೌಂಡ್‌ನವರ ಬೂಮ್ ಮೈಕು ಬಿದ್ದಿತು, ಡೈಲಾಗ್ ಮರೆತಿತು, ನಕ್ಕುಬಿಟ್ಟಿತು. ಇಷ್ಟೇ ಅಲ್ವಾ?

ಕೀಫ್ರೇಮ್:

ಬೋರು ಅನ್ನುವುದನ್ನು ಒಪ್ಪುತ್ತೇನೆ. ಪಿಕ್ಸಾರ್‌ನವರೂ 'ಮಾನ್‌ಸ್ಟರ್ಸ್' ಆದಮೇಲೆ ಅದನ್ನು ಬಿಟ್ಟರು. ಆದರೆ 'ಎ ಬಗ್ಸ್ ಲೈಫ್'ನಲ್ಲಿ ಅದು ಮೊದಲ ಸಲ ಬಂದಾಗ ಹೇಗಿತ್ತು ಅಂತ ಯೋಚಿಸಿ. 1998. ಕಂಪ್ಯೂಟರ್‌ನಲ್ಲಿ ಮಾಡಿದ ಪೂರ್ಣಪ್ರಮಾಣದ ಸಿನಿಮಾ ಜನ ನೋಡಿದ್ದೇ ಒಂದೋ ಎರಡೋ. ಎದ್ದು ಹೊರಡುವ ಹೊತ್ತಿಗೆ ಪರದೆ ಮೇಲೆ ಇರುವೆಗಳು ಡೈಲಾಗ್ ಮರೆಯುತ್ತಿವೆ. ಕ್ಲ್ಯಾಪ್ ಬೋರ್ಡ್ ಹಿಡಿದು ನಿಂತವನು 'ಟಾಯ್ ಸ್ಟೋರಿ'ಯ ವುಡಿ. ನಾಯಕ ಇರುವೆ ಫ್ಲಿಕ್ ಹಾರಿಹೋಗುವಾಗ ತನ್ನ ಡೈಲಾಗ್ ಬಿಟ್ಟು 'ಟಾಯ್ ಸ್ಟೋರಿ'ಯ ಬಜ್ ಲೈಟ್‌ಇಯರ್ ಡೈಲಾಗ್ ಹೊಡೆಯುತ್ತಾನೆ. ಜನಕ್ಕೆ ಎಷ್ಟು ಹಿಡಿಸಿತು ಅಂದರೆ, ಸಿನಿಮಾ ಇನ್ನೂ ಓಡುತ್ತಿದ್ದಾಗಲೇ ಬೇರೆಯದೇ ಇನ್ನೊಂದು ಕಂತು ಔಟ್‌ಟೇಕ್ ಮಾಡಿ ಪ್ರಿಂಟ್‌ಗೆ ಹಾಕಿದರು. ಡಿವಿಡಿಯಲ್ಲಿ ಎರಡೂ ಇವೆ.

ಇದರ ಹಿಂದಿನ ಕೆಲಸ ಗೊತ್ತಿದ್ದರೆ ನಗು ಇನ್ನೂ ಜಾಸ್ತಿ ಬರುತ್ತೆ. ಆನಿಮೇಷನ್‌ನಲ್ಲಿ ಯಾರೂ ತಾನಾಗಿ ಎಡವುವುದಿಲ್ಲ. ಎಡವಬೇಕಾದರೆ ಒಬ್ಬ ಆನಿಮೇಟರ್ ಕೂತು ಕಾಲು ಎಲ್ಲಿ ಜಾರಬೇಕು, ಕೈ ಎಷ್ಟು ಹೊತ್ತಿಗೆ ಮೇಲೆ ಹೋಗಬೇಕು, ಪಕ್ಕದಲ್ಲಿರುವವನು ನಗು ತಡೆದುಕೊಳ್ಳುವಾಗ ಕೆನ್ನೆ ಹೇಗೆ ಉಬ್ಬಬೇಕು ಅಂತ ಫ್ರೇಮ್ ಫ್ರೇಮ್ ಮಾಡಬೇಕು. ಸೆಕೆಂಡಿಗೆ 24 ಫ್ರೇಮ್. ಇಲ್ಲದ ಕ್ಯಾಮೆರಾಮನ್‌ನ ಕೈ ನಡುಗಿದ ಹಾಗೆ ಕಾಣಬೇಕಾದರೆ ಆ ನಡುಕವನ್ನೂ ಕೂತು ಮಾಡಬೇಕು. ಸಿನಿಮಾ ಒಳಗಿನ ಗಂಭೀರ ಸೀನ್‌ಗೆ ಏನು ಶ್ರಮವೋ ಅದೇ ಶ್ರಮ ಈ 'ತಪ್ಪಿಗೆ'. ಸರಿಯಾಗಿ ನಡೆಯುವುದನ್ನು ಆನಿಮೇಟ್ ಮಾಡುವುದಕ್ಕಿಂತ ತಪ್ಪಾಗಿ ನಡೆದು ಸರಿಮಾಡಿಕೊಳ್ಳುವುದು ಕಷ್ಟ. ನನ್ನ ಅನುಭವದ ಮಾತು ಇದು.

ಆ ಸಿನಿಮಾದ ವಿಎಚ್‌ಎಸ್ ಕ್ಯಾಸೆಟ್ ಕಥೆಯೂ ಮಜಾ ಇದೆ. ಥಿಯೇಟರ್‌ನಲ್ಲಿ ಅಗಲ ಚೌಕಟ್ಟು, ಆಗಿನ ಟಿವಿ ಚೌಕ. ಮಾಮೂಲಿ ಸಿನಿಮಾ ಆದರೆ ಎರಡು ಪಕ್ಕ ಕತ್ತರಿಸುತ್ತಿದ್ದರು. ಇವರು ಎಷ್ಟೋ ಶಾಟ್‌ಗಳಲ್ಲಿ ಪಾತ್ರಗಳನ್ನೇ ಹತ್ತಿರ ಸರಿಸಿ ಮತ್ತೆ ರೆಂಡರ್ ಮಾಡಿದರು, ಅಂದರೆ ಕಂಪ್ಯೂಟರ್‌ನಿಂದ ಹೊಸದಾಗಿ ಚಿತ್ರ ತೆಗೆಸಿದರು. ಕ್ಯಾಮೆರಾನೂ ಇಲ್ಲ, ಸೆಟ್ಟೂ ಇಲ್ಲ, ಏನು ಬೇಕಾದರೂ ಸರಿಸಬಹುದು. ವಿಷಯ ಬಿಟ್ಟು ಹೋದೆ, ಇರಲಿ.

ಸಂಜೆ ಶೋ:

ಔಟ್‌ಟೇಕ್ ವಿಷಯ ಬಂದಮೇಲೆ 'ಟಾಯ್ ಸ್ಟೋರಿ 2' ಬಗ್ಗೆ ಮಾತಾಡದೆ ಇರುವುದು ಹೇಗೆ? ನಮ್ಮ ಮನೆಯಲ್ಲಿ ಹಳೇ ಡಿವಿಡಿ ಇದೆ, ಮಗಳಿಗೆ ಸ್ಟ್ರೀಮಿಂಗ್ ಇದೆ. ಇಬ್ಬರೂ ಬೇರೆ ಬೇರೆ ಸಿನಿಮಾ ನೋಡಿದ ಹಾಗೆ.

ಗೊತ್ತಿಲ್ಲದವರಿಗೆ: 1999ರ ಸಿನಿಮಾ. ಕೊನೆಯ ಔಟ್‌ಟೇಕ್‌ಗಳಲ್ಲಿ ಒಂದರಲ್ಲಿ ಸ್ಟಿಂಕಿ ಪೀಟ್, ಅಂದರೆ ಸಿನಿಮಾದ ಮುದುಕ ಗೊಂಬೆ, ತನ್ನ ಡಬ್ಬದೊಳಗೆ ಇಬ್ಬರು ಬಾರ್ಬಿಗಳ ಜೊತೆ ಮಾತಾಡುತ್ತಾ ಇರುತ್ತಾನೆ. ಮುಂದಿನ ಭಾಗದಲ್ಲಿ ಪಾರ್ಟು ಕೊಡಿಸುತ್ತೇನೆ ಅನ್ನುವ ಆಸೆ ತೋರಿಸುತ್ತಿರುತ್ತಾನೆ. ಕ್ಯಾಮೆರಾ ಓಡುತ್ತಿದೆ ಅಂತ ಗೊತ್ತಾದ ತಕ್ಷಣ ಇಬ್ಬರನ್ನೂ ಸಾಗಹಾಕುತ್ತಾನೆ. 2019ರಲ್ಲಿ ಹೊಸ ಬ್ಲೂರೇ, ಡಿಜಿಟಲ್ ಆವೃತ್ತಿ ಬಂದಾಗ ಅದನ್ನು ತೆಗೆದುಹಾಕಿದರು. ಏನೂ ಹೇಳಲಿಲ್ಲ. ನೋಡಿದವರೇ ಕಂಡುಹಿಡಿದರು.

ಸಿನಿಮಾದ ನಿರ್ದೇಶಕ ಜಾನ್ ಲ್ಯಾಸೆಟರ್. ಕೆಲಸದ ಜಾಗದಲ್ಲಿ ಅವರ ವರ್ತನೆ ಬಗ್ಗೆ ದೂರು ಬಂದು 2017ರ ನವೆಂಬರ್‌ನಲ್ಲಿ ರಜೆ ಹೋಗಿದ್ದರು, 2018ರ ಕೊನೆಗೆ ಡಿಸ್ನಿ ಬಿಟ್ಟರು. ಇದು ಗೊತ್ತಿದ್ದು ಆ ತುಣುಕು ನೋಡಿದರೆ ನಗು ಗಂಟಲಲ್ಲೇ ನಿಲ್ಲುತ್ತೆ. ನನಗಂತೂ ಅದನ್ನು ಮಗಳ ಪಕ್ಕ ಕೂತು ನೋಡಲು ಇಷ್ಟವಿಲ್ಲ. ತೆಗೆದದ್ದು ಒಳ್ಳೆಯದೇ ಆಯಿತು.

ಬೋನಸ್ ಡಿಸ್ಕ್:

ಮಕ್ಕಳ ಸಿನಿಮಾದಿಂದ ತೆಗೆದದ್ದಕ್ಕೆ ನನ್ನ ತಕರಾರಿಲ್ಲ ಮೇಡಂ. ತಕರಾರು ಇರುವುದು ಸದ್ದಿಲ್ಲದೆ ತೆಗೆದದ್ದಕ್ಕೆ. ಈ ತುಣುಕು 1999ರಲ್ಲಿ ಹಾಲಿವುಡ್‌ನ ಕೊಳಕು ಚಾಳಿಯೊಂದನ್ನು ಎಲ್ಲರಿಗೂ ಗೊತ್ತಿರುವ ಜೋಕು ಅಂತ ಮಕ್ಕಳ ಸಿನಿಮಾದಲ್ಲಿ ಹಾಕಿತ್ತು. ಅದೇ ಒಂದು ದಾಖಲೆ. ಅದು ಇರಲೇ ಇಲ್ಲ ಅನ್ನುವ ಹಾಗೆ ಒರೆಸಿದರೆ ಅನುಕೂಲ ಯಾರಿಗೆ? ನನಗಂತೂ ಮಕ್ಕಳಿಗೆ ಅನ್ನಿಸುವುದಿಲ್ಲ.

ಸಂಜೆ ಶೋ:

ದಾಖಲೆ ಬೇಕಾದವರ ಹತ್ತಿರ ಹಳೇ ಡಿಸ್ಕ್ ಇದೆ. ನನ್ನ ಹತ್ತಿರವೂ ಇದೆ, ಮೇಲಿನ ಅಟ್ಟದಲ್ಲಿ. ಭಾನುವಾರ ಮಧ್ಯಾಹ್ನ ಸಿನಿಮಾ ಹಾಕಿ ಅಡುಗೆಮನೆಗೆ ಹೋಗುವ ಅಮ್ಮಂದಿರಿಗೆ ದಾಖಲೆ ಬೇಡ ಸರ್. ಒಂದು ಸಾಲು ಸೂಚನೆ ಹಾಕಬಹುದಿತ್ತು ಅನ್ನುವುದನ್ನು ಒಪ್ಪುತ್ತೇನೆ. ಅಷ್ಟು ಮಾತ್ರ.

ರೀಜನ್ ಐದು:

ಇದು ಮೊದಲ ಸಲ ಏನಲ್ಲ. 'ನಿಕ್ ನ್ಯಾಕ್' ಅಂತ 1989ರ ಪುಟ್ಟ ಸಿನಿಮಾ, ಗಾಜಿನ ಗೋಳದೊಳಗಿನ ಹಿಮದ ಮನುಷ್ಯನ ಕಥೆ. 2003ರಲ್ಲಿ 'ಫೈಂಡಿಂಗ್ ನೀಮೋ' ಜೊತೆ ಮತ್ತೆ ಬಿಟ್ಟಾಗ ಅದರಲ್ಲಿದ್ದ ಹೆಣ್ಣು ಗೊಂಬೆಗಳ ಎದೆಯನ್ನು ಸಣ್ಣ ಮಾಡಿದ್ದರು. ಕಂಪ್ಯೂಟರ್ ಫೈಲ್ ಇದ್ದರೆ ಏನು ಬೇಕಾದರೂ ತಿದ್ದಬಹುದು. ಮಾರಿಹೋದ ಡಿಸ್ಕನ್ನು ಮಾತ್ರ ಆಗಲ್ಲ.

ಸನ್ನಿವೇಲ್ ಸುಬ್ಬ:

ಥ್ರೆಡ್ ಗಂಭೀರ ಆಗ್ತಿದೆ, ಸ್ವಲ್ಪ 'ಶ್ರೆಕ್' ಕಡೆ ಬನ್ನಿ. ಬೋನಸ್ ವಿಷಯದಲ್ಲಿ ಅದನ್ನು ಮಾಡಿದ ಡ್ರೀಮ್‌ವರ್ಕ್ಸ್‌ನವರು ಕಮ್ಮಿ ಇರಲಿಲ್ಲ. ಮೊದಲ 'ಶ್ರೆಕ್' ಡಿವಿಡಿ ಬಂದದ್ದು 2001ರ ನವೆಂಬರ್ 2. ಮೇಲೆ ಮೈಕನ ಅಮ್ಮ ಹೇಳಿದ ದಿನಾಂಕ ನೋಡಿ, ಅದೇ ದಿನ 'ಮಾನ್‌ಸ್ಟರ್ಸ್' ಥಿಯೇಟರ್‌ಗೆ ಬಂದಿತ್ತು. ಆ ಡಿಸ್ಕ್‌ನಲ್ಲಿ ಎಲ್ಲ ಪಾತ್ರಗಳೂ ಸೇರಿ ಜೌಗಿನಲ್ಲಿ ಕುಣಿಯುವ ಕರೋಕೆ ಪಾರ್ಟಿ ಇತ್ತು.

ನಿಜವಾದ ಮಜಾ 2004ರ 'ಶ್ರೆಕ್ 2' ಡಿಸ್ಕ್‌ನಲ್ಲಿ. 'ಫಾರ್ ಫಾರ್ ಅವೇ ಐಡಲ್'. ಆಗ ಇಲ್ಲಿ ಅಮೆರಿಕದಲ್ಲಿ 'ಅಮೆರಿಕನ್ ಐಡಲ್' ಅನ್ನುವ ಟಿವಿ ಹಾಡಿನ ಸ್ಪರ್ಧೆಯ ಹುಚ್ಚು ಎಷ್ಟಿತ್ತು ಅಂದರೆ ಆಫೀಸಲ್ಲಿ ಮಾರನೇ ದಿನ ಅದೇ ಮಾತು. ಜಡ್ಜ್‌ಗಳು ಶ್ರೆಕ್, ಫಿಯೋನಾ, ಮತ್ತೆ ಸೈಮನ್ ಕೊವೆಲ್. ಹೌದು, ಆ ಶೋನ ಖಡಕ್ ಜಡ್ಜ್ ಸೈಮನ್ ಕೊವೆಲ್‌ನ ಕಾರ್ಟೂನು, ಧ್ವನಿ ಅವನದೇ. ಪಿನೋಕಿಯೋ ಹಾಡ್ತಾನೆ, ತೋಳ ಹಾಡುತ್ತೆ, ಕತ್ತೆ ಹಾಡುತ್ತೆ. ಸೈಮನ್ ಎಲ್ಲರನ್ನೂ ತನ್ನ ಮಾಮೂಲಿ ಮುಖದಲ್ಲಿ ಉಗಿಯುತ್ತಾನೆ. ಕೊನೆಗೆ ಯಾರು ಗೆದ್ದರು ಅಂತ ರಿಮೋಟ್‌ನಲ್ಲಿ ನಾವೇ ಆರಿಸಬೇಕು.

ಇಲ್ಲೇ ಇರೋದು ಕಿತಾಪತಿ. ಶ್ರೆಕ್-ಫಿಯೋನಾ, ಕತ್ತೆ, ಪುಸ್ ಅನ್ನುವ ಬೆಕ್ಕು ಇವರಲ್ಲಿ ಯಾರನ್ನಾದರೂ ಆರಿಸಿದರೆ ಅವರಿಗೆ ಗೆಲುವು. ಬೇರೆ ಯಾರನ್ನೇ ಆರಿಸಿ, ಸೈಮನ್ ಒಪ್ಪಲ್ಲ. ತಾನೇ ಗೆದ್ದೆ ಅಂತ ಘೋಷಿಸಿ ಸ್ಟೇಜ್ ಹತ್ತಿ ಹಾಡೋಕೆ ಶುರು ಮಾಡ್ತಾನೆ. ಜನರ ವೋಟಿಗೆ ಎಷ್ಟು ಬೆಲೆ ಅಂತ ಆ ಶೋ ಬಗ್ಗೆ ಎಲ್ಲರಿಗೂ ಇದ್ದ ಅನುಮಾನವನ್ನೇ ಹಿಡಿದು ಜೋಕು ಮಾಡಿದ್ದರು.

ಸಬ್‌ಪಿಕ್ಚರ್:

ಸುಬ್ಬಣ್ಣ, ಅದನ್ನು ಡಿಸ್ಕ್‌ನಲ್ಲಿ ಮಾಡಲು ಎಷ್ಟು ಸುಲಭ ಗೊತ್ತಾ? ಮೆನುವಿನಲ್ಲಿ ಪ್ರತಿ ಗಾಯಕನಿಗೆ ಒಂದು ಬಟನ್. ಮೂರು ಬಟನ್ ಮೂರು ಬೇರೆ ವಿಡಿಯೋಗೆ ಹೋಗಬೇಕು, ಉಳಿದವೆಲ್ಲ ಒಂದೇ ವಿಡಿಯೋಗೆ. ಲೆಕ್ಕ ಹಾಕುವ ಕೆಲಸವೇ ಇಲ್ಲ. ಡಿವಿಡಿ ಪ್ಲೇಯರ್‌ನಲ್ಲಿ ಆಥರಿಂಗ್ ಮಾಡುವವರಿಗೆ ಅಂತ 16 ಪುಟ್ಟ ನೆನಪಿನ ಖಾನೆಗಳಿರುತ್ತವೆ, ಇದಕ್ಕೆ ಅವೂ ಬೇಡ. ನಾವು ಭಕ್ತಿಗೀತೆ ಡಿಸ್ಕ್‌ಗೆ ಇದಕ್ಕಿಂತ ಜಾಸ್ತಿ ತಲೆ ಓಡಿಸಿದ್ದೆವು.

ಒಮಾಕೆ ಪ್ರಿಯೆ:

ಎಲ್ಲರೂ ಅಮೆರಿಕದಲ್ಲೇ ಇದ್ದೀರಿ. ಜಪಾನಿನವರು ಇದನ್ನು ಅದಕ್ಕೂ ಮುಂಚೆ ಮಾಡಿದ್ದಾರೆ. ಅವರು ಇದಕ್ಕೆ ಒಮಾಕೆ ಅನ್ನುತ್ತಾರೆ. 1988–89ರಲ್ಲಿ ಗೈನಾಕ್ಸ್ ಸ್ಟುಡಿಯೋ 'ಗನ್‌ಬಸ್ಟರ್' ಅಂತ ಆರು ಕಂತಿನ ಆನಿಮೆ ಮಾಡಿತು. ನಿರ್ದೇಶನ ಹಿದೆಯಾಕಿ ಅನ್ನೋ. ಟಿವಿಗಲ್ಲ, ನೇರವಾಗಿ ವಿಡಿಯೋಗೆ ಬಂದದ್ದು. ಕಥೆ ಭಾರವಾದದ್ದು. ಬೆಳಕಿನ ವೇಗದ ಹತ್ತಿರ ಹೋಗುವ ಹಡಗಿನಲ್ಲಿ ಹುಡುಗಿಗೆ ಸ್ವಲ್ಪ ದಿನ ಕಳೆದರೆ ಭೂಮಿಯಲ್ಲಿ ಎಷ್ಟೋ ವರ್ಷ ಕಳೆದಿರುತ್ತೆ. ಜೊತೆಗೆ ಓದಿದ ಗೆಳತಿ ಮುಂದಿನ ಸಲ ಸಿಕ್ಕಾಗ ಮಗುವಿನ ತಾಯಿ.

ಆ ಕಣ್ಣೀರಿನ ಪಕ್ಕದಲ್ಲೇ 'ವಿಜ್ಞಾನ ಪಾಠ' ಅಂತ ಪುಟ್ಟ ತುಣುಕುಗಳು. ಅದೇ ಪಾತ್ರಗಳು, ಆದರೆ ದೊಡ್ಡ ತಲೆ, ಗಿಡ್ಡ ಕೈಕಾಲು. ಅವರೆಲ್ಲ ಸೇರಿ ಕಥೆಯ ಭೌತಶಾಸ್ತ್ರವನ್ನು ನಮಗೆ ಪಾಠ ಮಾಡುತ್ತಾರೆ. ಅರ್ಧ ನಿಜವಾದ ಸಾಪೇಕ್ಷತಾ ಸಿದ್ಧಾಂತ, ಅರ್ಧ ಕಥೆಗೆ ಬೇಕು ಅಂತ ಹುಟ್ಟಿಸಿದ್ದು, ಎಲ್ಲ ಒಂದೇ ಗತ್ತಿನಲ್ಲಿ. ಶಾಲೆಯ ಟಿವಿ ಪಾಠಗಳ ಅಣಕ. ನನಗೆ ಕಾಲದ ಹಿಗ್ಗುವಿಕೆ ಅರ್ಥವಾದದ್ದು ಪಿಯುಸಿ ಪುಸ್ತಕದಿಂದಲ್ಲ, ಈ ಗಿಡ್ಡ ಗೊಂಬೆಗಳಿಂದ.

ಮೈಕನ ಅಮ್ಮ:

ಪಾಠದ ಅಣಕ ಅಂದಿರಿ, 'ನೀಮೋ' ಡಿಸ್ಕ್ ನೆನಪಾಯಿತು. ಅದರಲ್ಲಿ ಹವಳದ ದಿಬ್ಬಗಳ ಮೇಲೆ ಒಂದು ಸಾಕ್ಷ್ಯಚಿತ್ರ ಇದೆ. ನಡೆಸಿಕೊಡುವವರು ಜೀನ್ ಮಿಶೆಲ್ ಕೂಸ್ಟೋ. ಸಮುದ್ರದ ಸಾಕ್ಷ್ಯಚಿತ್ರಗಳಿಂದ ಜಗತ್ತಿಗೇ ಗೊತ್ತಾದ ಜಾಕ್ ಕೂಸ್ಟೋ ಅವರ ಮಗ, ಸ್ವತಃ ದೊಡ್ಡ ಸಾಗರ ಪರಿಣತ. ಅವರು ನಿಜವಾದ ಸಮುದ್ರ ತೋರಿಸುತ್ತಾ ಗಂಭೀರವಾಗಿ ಮಾತಾಡುತ್ತಿರುತ್ತಾರೆ. ನಡುವೆ ಸಿನಿಮಾದ ಮೀನು ಡೋರಿ ಬಂದುಬಿಡುತ್ತಾಳೆ. ಹಿಂದೆ ಮಾರ್ಲಿನ್, ನೀಮೋ. ಒಂದು ವಾಕ್ಯ ಪೂರ್ತಿ ಮಾಡಲು ಬಿಡುವುದಿಲ್ಲ. ಅವರ ಮುಖ ನೋಡಬೇಕು ನೀವು. ಅಷ್ಟು ದೊಡ್ಡ ಮನುಷ್ಯ ತನ್ನ ಮನೆತನದ ಕಸುಬನ್ನೇ ಗೇಲಿ ಮಾಡಲು ಒಪ್ಪಿಕೊಂಡರಲ್ಲ, ಅದಕ್ಕೇ ನನಗೆ ಆ ತುಣುಕು ಇಷ್ಟ. ಹವಳದ ಬಗ್ಗೆ ಹೇಳುವ ವಿಷಯ ಮಾತ್ರ ಎಲ್ಲ ಅಸಲಿ.

ಕುಡ್ಲದ ಕಾರ್ಟೂನು:

ಡೋರಿ ಇದ್ದರೆ ನನ್ನದೂ ಒಂದು ವೋಟು. ಹಾಗೆಯೇ 'ಲಿಲೋ ಅಂಡ್ ಸ್ಟಿಚ್' ಟ್ರೇಲರ್‌ಗಳಿಗೂ ಒಂದು. ಡಿಸ್ನಿಯವರು 2002ರಲ್ಲಿ ತಮ್ಮದೇ ಹಳೇ ಸಿನಿಮಾಗಳ ಸೀನ್ ತೆಗೆದು ಅದರೊಳಗೆ ಈ ಸಿನಿಮಾದ ತುಂಟ ಅನ್ಯಗ್ರಹ ಜೀವಿ ಸ್ಟಿಚ್‌ನನ್ನು ಬಿಟ್ಟಿದ್ದರು. ಬೆಲ್ ಮತ್ತು ಬೀಸ್ಟ್ ಚಂದ ಕುಣಿಯುತ್ತಿದ್ದರೆ ಮೇಲಿನ ದೀಪದ ಗೊಂಚಲು ಬೀಳುತ್ತದೆ. ಸಿಂಹದ ಮರಿಯನ್ನು ಎತ್ತಿ ಹಿಡಿಯಬೇಕಾದ ಜಾಗದಲ್ಲಿ ಎತ್ತಿ ಹಿಡಿದದ್ದು ಸ್ಟಿಚ್‌ನನ್ನು. ಇದು ಬಚ್ಚಿಟ್ಟದ್ದಲ್ಲ, ಜಾಹೀರಾತು. ಆದರೂ ಮನೆದೇವರನ್ನೇ ಗೇಲಿ ಮಾಡುವ ಧೈರ್ಯ ಮೆಚ್ಚಬೇಕು.

ರೀಜನ್ ಐದು:

ಈಗ ಯಾಕೆ ಇಂಥದ್ದು ಬರಲ್ಲ ಅನ್ನುವುದೇ ನನ್ನ ಪ್ರಶ್ನೆ. ಸ್ಟ್ರೀಮಿಂಗ್‌ನಲ್ಲಿ ಜಾಗದ ಕೊರತೆ ಇಲ್ಲ. 8.5 ಜಿಬಿ ಡಿಸ್ಕ್‌ನಲ್ಲಿ ತುರುಕುತ್ತಿದ್ದವರಿಗೆ ಈಗ ಏನು ಬಂದಿದೆ ರೋಗ?

ಕೀಫ್ರೇಮ್:

ಜಾಗದ ಪ್ರಶ್ನೆ ಅಲ್ಲ, ಬಾಗಿಲಿನ ಪ್ರಶ್ನೆ. ಡಿವಿಡಿಯಲ್ಲಿ ಪ್ರತಿ ಸಿನಿಮಾಕ್ಕೂ ಅದರದೇ ಮೆನು ಇತ್ತು. ಆ ಮೆನು ಮಾಡುವವರಿಗೆ ಸಿನಿಮಾ ಗೊತ್ತಿತ್ತು. ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಎಲ್ಲ ಸಿನಿಮಾಕ್ಕೂ ಒಂದೇ ಪುಟ, ಒಂದೇ ಅಚ್ಚು. ಬೋನಸ್ ಇದ್ದರೂ ಕೆಳಗೆ ಒಂದು ಪಟ್ಟಿಯಲ್ಲಿ ಹೆಸರು, ನಿಮಿಷದ ಸಮೇತ. ಅಲ್ಲಿ ಎಡಕ್ಕೆ ಒತ್ತಿದರೆ ಏನೂ ಸಿಗಲ್ಲ. ಇನ್ನೊಂದು, ಆಗ ಬೋನಸ್‌ಗೆ ದುಡ್ಡು ಹಾಕುತ್ತಿದ್ದದ್ದು ಥಿಯೇಟರ್‌ನಲ್ಲಿ ಒಮ್ಮೆ ನೋಡಿದವರ ಕೈಯಲ್ಲಿ ಮತ್ತೆ ಡಿಸ್ಕ್ ಕೊಳ್ಳಿಸಲು. ಈಗ ಕೊಳ್ಳುವವರೇ ಇಲ್ಲ, ತಿಂಗಳ ಚಂದಾ ಅಷ್ಟೆ. ಯಾವ ಮ್ಯಾನೇಜರ್ ಇದಕ್ಕೆ ಆನಿಮೇಟರ್‌ಗಳನ್ನು ಬಿಟ್ಟುಕೊಡುತ್ತಾನೆ?

2007ರ 'ರ‍್ಯಾಟಟೂಯಿ' ಡಿಸ್ಕ್‌ಗೆ ಅಂತಲೇ 'ಯುವರ್ ಫ್ರೆಂಡ್ ದಿ ರ‍್ಯಾಟ್' ಮಾಡಿದ್ದರು. ಜಿಮ್ ಕಾಪೊಬಿಯಾಂಕೊ ನಿರ್ದೇಶನ, ಹನ್ನೊಂದು ನಿಮಿಷ. ಇಲಿಗಳೇ ಇಲಿಗಳ ಪರ ವಾದ ಮಾಡುವ ಅಣಕು ಪಾಠ. ಹೆಚ್ಚಿನದು ಕೈಯಲ್ಲಿ ಬರೆದದ್ದು. ಕಂಪ್ಯೂಟರ್ ಆನಿಮೇಷನ್‌ಗೆ ಹೆಸರಾದ ಸ್ಟುಡಿಯೋ ಒಳಗೆ ಕೈಯಲ್ಲಿ ಬರೆಯುವ ಆಸೆ ಇದ್ದವರಿಗೆ ಡಿವಿಡಿ ಬೋನಸ್ ಒಂದು ನೆಪ ಆಗಿತ್ತು. ಆ ನೆಪ ಹೋಯಿತು.

ಸಂಜೆ ಶೋ:

ಅಟ್ಟದಿಂದ ಡಬ್ಬ ಇಳಿಸಿದೆ. 'ಇನ್‌ಕ್ರೆಡಿಬಲ್ಸ್' ಸಿಕ್ಕಿತು, ಆದರೆ ಒಂದೇ ಡಿಸ್ಕ್ ಇದೆ. ಇಲ್ಲಿ ಅಂಗಡಿಯಲ್ಲಿ ಕೊಂಡದ್ದು. ಆ ಮೊಲದ ಕಾರ್ಟೂನ್ ಇದರಲ್ಲಿ ಇರುತ್ತಾ?

ಬೋನಸ್ ಡಿಸ್ಕ್:

ಎರಡು ಡಿಸ್ಕ್‌ನ ಸೆಟ್‌ನಲ್ಲಿ ಅದು ಎರಡನೆಯದರಲ್ಲಿ ಇರುವುದು ಮೇಡಂ. ಡಬ್ಬದ ಹಿಂದೆ ಬೋನಸ್ ಪಟ್ಟಿ ಓದಿ, ಅಲ್ಲಿ ಹೆಸರಿಲ್ಲದಿದ್ದರೆ ಸಿಗುವುದು ಕಷ್ಟ. ಆದರೂ ಸಬ್‌ಪಿಕ್ಚರ್ ಅವರು ಹೇಳಿದ ಹಾಗೆ ವಿಎಲ್‌ಸಿಗೆ ಹಾಕಿ ಟೈಟಲ್ ಪಟ್ಟಿ ಇಲ್ಲಿ ಹಾಕಿ, ನೋಡೋಣ. ಎಲ್ಲರೂ ಸೇರಿ ಹುಡುಕೋಣ.

ಸಬ್‌ಪಿಕ್ಚರ್:

ಗೀರು ಬಿದ್ದಿದ್ದರೆ ಮೊದಲು ಮೆತ್ತಗಿನ ಬಟ್ಟೆಯಲ್ಲಿ ಒರೆಸಿ. ಒಳಗಿನಿಂದ ಹೊರಗೆ ನೇರವಾಗಿ ಒರೆಸಬೇಕು, ಸುತ್ತ ಅಲ್ಲ. ವಿಎಲ್‌ಸಿ ಟೈಟಲ್ ತೋರಿಸದೆ ಇದ್ದರೆ ಡಿಸ್ಕ್‌ನೊಳಗೆ ವಿಡಿಯೋ_ಟಿಎಸ್ ಅನ್ನುವ ಫೋಲ್ಡರ್ ಇದೆ, ಅದರ ಫೈಲ್ ಪಟ್ಟಿಯ ಫೋಟೋ ಹಾಕಿ. ಸೈಜ್ ಸಮೇತ.